ಅವಳ ಬಣ್ಣ ಮಾತ್ರ ಯಾಕೆ ಹೇಳಿದ್ರಿ?

14 ಮಾರ್ಚ್ 2024, ಗುರುವಾರ

ಬರೆಯುತ್ತಿರುವ ಹೊಸ ಕಥೆಯ ಮೊದಲ ಎರಡು ಪುಟವನ್ನು ಇವತ್ತು ಮೂರನೇ ಕ್ಲಾಸಿನ ಮಕ್ಕಳಿಗೆ ಓದಿದೆ. ಹಕ್ಕಿಗೂಡು ಕಾಯುವ ಇಬ್ಬರು ಗೆಳತಿಯರ ಕಥೆ. ಮುಗಿಸುವಷ್ಟರಲ್ಲಿ ಮುಂದೆ ಕೂತಿದ್ದ ಹುಡುಗಿ ಕೈ ಎತ್ತಿದಳು. "ಮಿಸ್, ಅವಳ ಬಣ್ಣ ಮಾತ್ರ ಯಾಕೆ ಹೇಳಿದ್ರಿ? ಇನ್ನೊಬ್ಬಳಿಗೆ ಬಣ್ಣ ಇಲ್ವಾ?"

ಹಾಳೆ ನೋಡಿದೆ. ಒಬ್ಬಳು "ಕಂದು ಮೈಬಣ್ಣದ, ಗುಂಗುರು ಕೂದಲಿನ ಹುಡುಗಿ". ಇನ್ನೊಬ್ಬಳು ಬರೀ "ಹಳದಿ ರೇನ್‌ಕೋಟ್ ಹಾಕಿದ ಹುಡುಗಿ". ಅವಳು ಬಿಳಿ ಹುಡುಗಿ ಅಂತ ನನಗೆ ಗೊತ್ತಿತ್ತು, ಆದರೆ ಬರೆಯಬೇಕು ಅಂತ ಅನ್ನಿಸಿರಲೇ ಇಲ್ಲ. ನಾನೂ ಕಂದು ಬಣ್ಣದವಳೇ. ಅಮೆರಿಕದಲ್ಲಿ ಇಷ್ಟು ವರ್ಷ ಪಾಠ ಮಾಡಿದ ಮೇಲೂ, ಬಿಳಿ ಅಂದರೆ ಬಾಯಿಬಿಟ್ಟು ಹೇಳಬೇಕಿಲ್ಲದ ಬಣ್ಣ ಅನ್ನೋದು ನನ್ನೊಳಗೂ ಕೂತುಬಿಟ್ಟಿದೆಯಲ್ಲ, ಅದರಿಂದ ತುಂಬಾ ನೋವಾಯಿತು.

1965ರಲ್ಲಿ ಅಮೆರಿಕದ ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ ಮಕ್ಕಳ ಪುಸ್ತಕಗಳ ಬಗ್ಗೆ ಬರೆದ ಲೇಖನ ಶುರುವಾಗುವುದೂ ಒಂದು ಮಗುವಿನ ಪ್ರಶ್ನೆಯಿಂದಲೇ. ನ್ಯೂಯಾರ್ಕಿನ ಶಿಶುವಿಹಾರದಲ್ಲಿ ಚಿತ್ರಪುಸ್ತಕ ನೋಡುತ್ತಿದ್ದ ಕಪ್ಪು ಜನಾಂಗದ ಐದು ವರ್ಷದ ಹುಡುಗಿ, ಯಾವಾಗಲೂ ಬಿಳಿ ಮಕ್ಕಳೇ ಯಾಕೆ ಅಂತ ಕೇಳಿದ್ದಳು. ಲ್ಯಾರಿಕ್ ಮೂರು ವರ್ಷಗಳಲ್ಲಿ ಬಂದ 5,000ಕ್ಕೂ ಜಾಸ್ತಿ ಮಕ್ಕಳ ಪುಸ್ತಕಗಳನ್ನು ಲೆಕ್ಕ ಹಾಕಿದರು. ಒಂದಾದರೂ ಕಪ್ಪು ಪಾತ್ರ ಸಿಕ್ಕಿದ್ದು ಶೇ. 6.7ರಷ್ಟು ಪುಸ್ತಕಗಳಲ್ಲಿ, ಅಷ್ಟೇ.

ಹಾಗಾದರೆ ಯಾರ ಬಣ್ಣವನ್ನೂ ಹೇಳದೆ ಬಿಡಬಹುದಲ್ವಾ? ಲೇಖಕ, ಚಿತ್ರಕಾರ ಎಜ್ರಾ ಜ್ಯಾಕ್ ಕೀಟ್ಸ್ 1962ರಲ್ಲಿ 'ದಿ ಸ್ನೋಯಿ ಡೇ' ಅನ್ನೋ ಚಿತ್ರಪುಸ್ತಕ ಮಾಡಿದಾಗ ಹಾಗೇ ಮಾಡಿದರು. ಕೆಂಪು ಉಡುಪಿನ ಪೀಟರ್ ಹಿಮದಲ್ಲಿ ಆಡುತ್ತಾನೆ, ಅವನು ಕಪ್ಪು ಹುಡುಗ ಅಂತ ಪುಸ್ತಕದಲ್ಲಿ ಒಂದು ಮಾತೂ ಇಲ್ಲ. ಯಾಕೆ ಹೇಳಲಿಲ್ಲ ಅಂತ ಆಗ ಕೆಲವರು ತಕರಾರು ತೆಗೆದರು. ನನಗೆ ಮಾತ್ರ ಆ ಪುಟಗಳು ತುಂಬಾ ಇಷ್ಟ. ಆದರೆ ಕೀಟ್ಸ್‌ಗೆ ಚಿತ್ರ ಇತ್ತು. ನನ್ನ ಕಥೆಯಲ್ಲಿ ಬರೀ ಮಾತು. ಸುಮ್ನೆ "ಹುಡುಗಿ" ಅಂತ ಬಿಟ್ಟರೆ ಓದುವ ಎಷ್ಟೋ ಮಕ್ಕಳ ಕಣ್ಮುಂದೆ ಬಿಳಿ ಹುಡುಗಿಯೇ ಬಂದು ನಿಲ್ಲುತ್ತಾಳೆ, ಕಂದು ಬಣ್ಣದ ಮಕ್ಕಳ ಕಣ್ಮುಂದೆಯೂ.

ಹಾಗಾಗಿ ಇಬ್ಬರ ಬಣ್ಣವನ್ನೂ ಬರೆಯುತ್ತೇನೆ. ಚಾಕೊಲೇಟ್, ಕಾಫಿ ಅಂತ ತಿನ್ನುವ ಕುಡಿಯುವ ಹೆಸರು ಮಾತ್ರ ಬೇಡ, ಮಕ್ಕಳ ಮೈ ತಿಂಡಿಯಲ್ಲ.

ರಾತ್ರಿ ಕೂತು ತಿದ್ದಿದೆ: "ಬಿಸಿಲಿಗೆ ಬೇಗ ಕೆಂಪಾಗುವ ಬಿಳಿ ಕೆನ್ನೆಯ ಹುಡುಗಿ, ಹಳದಿ ರೇನ್‌ಕೋಟ್ ಹಾಕಿದ್ದಳು." ಬಿಳಿ ಅಂತ ಬರೆಯುವಾಗ ಕೈ ಒಂದು ಕ್ಷಣ ತಡೆಯಿತು. ಕಂದು ಅಂತ ಬರೆದ ದಿನ ತಡೆದಿರಲಿಲ್ಲ.

ನಾಳೆ ಅದೇ ಮಕ್ಕಳಿಗೆ ಮತ್ತೆ ಓದಬೇಕು.