ಗೌರಮ್ಮನವರ ಪುಟದಲ್ಲಿ ಒಂದು ಭಾನುವಾರ

ಬೆಳಿಗ್ಗೆ ತಿಂಡಿ ಮುಗಿಸಿ ಕನ್ನಡ ವಿಕಿಪೀಡಿಯ ತೆರೆದೆ. ಹಿಂದಿನ ರಾತ್ರಿ ಕೊಡಗಿನ ಗೌರಮ್ಮನವರ ಪುಟಕ್ಕೆ ನಾಲ್ಕು ಪ್ಯಾರಾ ಸೇರಿಸಿ ಮಲಗಿದ್ದೆ. ಈಗ ನೋಡಿದರೆ ‘ಕನ್ನಡದ ಮೊದಲ ಕಥೆಗಾರ್ತಿ’ ಅನ್ನುವ ಮಾತಿನ ಪಕ್ಕದಲ್ಲೇ ‘ಉಲ್ಲೇಖ ಬೇಕು’ ಎಂಬ ಗುರುತು. ‘ಅಪ್ರತಿಮ’, ‘ಮೇರು ಪ್ರತಿಭೆ’ ಎಂದು ನಾನು ಬರೆದದ್ದೆಲ್ಲ ಮಾಯ.

ತುಂಬಾ ಬೇಜಾರಾಯಿತು. ಅವರ ‘ಕಂಬನಿ’ ಸಂಕಲನದ ಕಥೆಗಳನ್ನು ಓದಿ ಅತ್ತವಳು ನಾನು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೂ ಬರಲೇಬೇಕು ಎಂದು ಗೌರಮ್ಮ ಉಪವಾಸ ಕೂತರು. ಅವರು ಬಂದ ಮೇಲೆ ಮೈಮೇಲಿನ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ಈಜಲು ಹೋಗಿ ನೀರುಪಾಲಾದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಇಂಥವರನ್ನು ಎಷ್ಟು ಹೊಗಳಿದರೂ ಕಡಿಮೆಯೇ ಅಲ್ವಾ?

ಚರ್ಚೆ ಪುಟಕ್ಕೆ ಹೋದೆ. ತಿದ್ದಿದವರು ಅಲ್ಲಿ ಬರೆದಿದ್ದರು: “ನಮಸ್ಕಾರ. ತುಂಬಾ ಒಳ್ಳೆಯ ಕೆಲಸ ಮಾಡಿದ್ದೀರಿ. ಆದರೆ ಇವರೇ ಮೊದಲು ಅಂದರೆ ನಂಜನಗೂಡು ತಿರುಮಲಾಂಬ ಅವರನ್ನು ಎಲ್ಲಿ ಕೂರಿಸೋಣ?”

ಸಿಟ್ಟು ಅಲ್ಲೇ ಇಳಿಯಿತು. ಗೌರಮ್ಮ ಹುಟ್ಟಿದ್ದು 1912ರಲ್ಲಿ. ಬಾಲ್ಯದಲ್ಲೇ ವಿಧವೆಯಾದ ತಿರುಮಲಾಂಬ, ಈ ಮಗು ಇನ್ನೂ ತೊಟ್ಟಿಲಲ್ಲಿದ್ದ ಕಾಲಕ್ಕೇ, ‘ಸತಿ ಹಿತೈಷಿಣಿ’ ಹೆಸರಿನಲ್ಲಿ ಪುಸ್ತಕ ಅಚ್ಚು ಹಾಕಿಸಲು ಹೊರಟಿದ್ದರು. ಒಬ್ಬ ಹೆಣ್ಣುಮಗಳನ್ನು ಮೇಲೆ ಕೂರಿಸುವ ಆಸೆಯಲ್ಲಿ ಇನ್ನೊಬ್ಬಳನ್ನು ಅಳಿಸಿಬಿಟ್ಟಿದ್ದೆ. ‘ಮೊದಲ’ ಅನ್ನುವ ಪದವನ್ನು ನಾನೇ ತೆಗೆದೆ. ‘ಆರಂಭಕಾಲದ ಪ್ರಮುಖ ಕಥೆಗಾರ್ತಿಯರಲ್ಲಿ ಒಬ್ಬರು’ ಎಂದು ಬರೆದೆ.

ಅಲ್ಲಿಂದ ಇಬ್ಬರೂ ಸೇರಿ ಕೆಲಸಕ್ಕೆ ಇಳಿದೆವು. ಒಂದು ಸಲ ಇಬ್ಬರೂ ಒಂದೇ ಪ್ಯಾರಾ ತಿದ್ದಿ ಉಳಿಸಲು ಹೋಗಿ, ನಾನು ಬರೆದದ್ದು ಸೇರಲೇ ಇಲ್ಲ. “ಜೀವನದ ಭಾಗ ನಾನು ನೋಡ್ಕೋತೀನಿ, ಕೃತಿಗಳು ನಿಮಗೆ” ಅಂದರು. ಕಪಾಟಿನಿಂದ ಪುಸ್ತಕ ತೆಗೆದು, ಪರಿವಿಡಿ ನೋಡುತ್ತಾ ಒಂದೊಂದೇ ಕಥೆಯ ಹೆಸರು ಟೈಪ್ ಮಾಡಿದೆ. ‘ವಾಣಿಯ ಸಮಸ್ಯೆ’, ‘ಅಪರಾಧಿ ಯಾರು’, ‘ಮನುವಿನ ರಾಣಿ’. ‘ಅಪ್ರತಿಮ’ ಇದ್ದ ಜಾಗದಲ್ಲಿ ಅವರು ಒಂದೇ ಸಾಲು ಹಾಕಿದ್ದರು: ಗೌರಮ್ಮ ತೀರಿಕೊಂಡಾಗ ಬೇಂದ್ರೆಯವರು ‘ತಂಗಿ ಗೌರಮ್ಮ’ ಎಂಬ ಕವಿತೆ ಬರೆದರು. ನನ್ನ ವಿಶೇಷಣಗಳೆಲ್ಲ ಸೇರಿದರೂ ಅಷ್ಟು ಹೇಳುತ್ತಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಅವರದೇ ಇನ್ನೊಂದು ಪ್ರಶ್ನೆ. “ಅವರು ಕಥೆಗಳಿಗೆ ಯಾವ ಹೆಸರು ಹಾಕುತ್ತಿದ್ದರು?”

ಗಂಡನ ಹೆಸರು. ಮಿಸೆಸ್ ಬಿ.ಟಿ.ಜಿ. ಕೃಷ್ಣ. ಹಳೆಯ ಪತ್ರಿಕೆಯಲ್ಲಿ ಆ ಹೆಸರು ನೋಡಿದವರಿಗೆ ಬರೆದ ಹೆಂಗಸು ಯಾರು ಅಂತ ಹೇಗೆ ಗೊತ್ತಾಗಬೇಕು? ಆ ಹೆಸರು ಹುಡುಕಿದವರನ್ನು ನೇರವಾಗಿ ಗೌರಮ್ಮನವರ ಪುಟಕ್ಕೆ ಕಳಿಸುವ ಪುನರ್ನಿರ್ದೇಶನದ ಪುಟ ಮಾಡೋಣ ಅಂದೆ. “ನೀವೇ ಮಾಡಿ” ಅಂದರು.

ಆ ಹೆಸರಿನಲ್ಲಿ ಒಂದು ಹೊಸ ಪುಟ ಮಾಡಿ, ಒಂದೇ ಸಾಲು ಬರೆದು ಉಳಿಸಿದೆ. ಆಮೇಲೆ ಹುಡುಕುವ ಜಾಗದಲ್ಲಿ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂದು ಟೈಪ್ ಮಾಡಿ ಒತ್ತಿದೆ. ಪುಟ ತೆರೆಯಿತು. ಮೇಲೆ ದಪ್ಪ ಅಕ್ಷರದಲ್ಲಿ ಕೊಡಗಿನ ಗೌರಮ್ಮ ಎಂದಿತ್ತು.