ಕೆಂಪು ಪಾಪಿಗೆ ಬಿಳಿ ಅಂಚು: ಕ್ರಾಯ್ಡನ್ ಮಡಿಯ ಆಗಸ್ಟ್ ಸುದ್ದಿ

ಪಾಪಿ ಅಂದರೆ ಇಲ್ಲಿ ಪಾಪ ಮಾಡಿದವನಲ್ಲ, ಗಸಗಸೆಯ ಜಾತಿಯ ಪಾಪಿ (poppy) ಹೂವು; ಅದರ ಕೆಂಪು ಗಿಡಗಳಲ್ಲಿ ಬಿಳಿ ಅಂಚಿನದ್ದನ್ನು ಹುಡುಕಿ ಬೆಳೆಸುವುದು ನನ್ನ ಪ್ರಯತ್ನ. ಹೂವಿನ ಕಾಲ ಮುಗಿಯಿತು, ಕಾಯಿಗಳು ಒಣಗಿವೆ, ಮತ್ತು ಹೌದು, ಬಿಳಿ ಅಂಚಿನ ಒಂದು ಗಿಡ ಸಿಕ್ಕಿದೆ. ತುಂಬಾ ಖುಷಿಪಡಬೇಡಿ, ಅದರ ಕತೆ ಮುಂದೆ ಇದೆ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ನಾನಿರುವುದು ಲಂಡನ್ನಿನ ದಕ್ಷಿಣಕ್ಕೆ, ಕ್ರಾಯ್ಡನ್ನಿನಲ್ಲಿ. ಇಲ್ಲೇ ಪಕ್ಕದ ಶರ್ಲಿಯಲ್ಲಿ ವಿಲಿಯಂ ವಿಲ್ಕ್ಸ್ ಎಂಬ ಪಾದ್ರಿ ಇದ್ದರು. 1880ರಲ್ಲಿ ಅವರ ತೋಟದ ಮೂಲೆಯಲ್ಲಿ, ಹೊಲದ ಕೆಂಪು ಪಾಪಿಗಳ ನಡುವೆ, ಎಸಳಿನ ಸುತ್ತ ತೆಳ್ಳಗೆ ಬಿಳಿ ಅಂಚಿದ್ದ ಒಂದೇ ಒಂದು ಹೂವು ಕಣ್ಣಿಗೆ ಬಿತ್ತು. ಬೀಜ ಇಟ್ಟುಕೊಂಡರು. ಮರುವರ್ಷ ಬಿತ್ತಿದರೆ ಇನ್ನೂರು ಗಿಡಗಳಲ್ಲಿ ನಾಲ್ಕೈದಕ್ಕೆ ಮಾತ್ರ ಆ ಅಂಚು ಬಂತು. ಆಮೇಲೆ ವರ್ಷಗಟ್ಟಲೆ ಆರಿಸುತ್ತಾ ಹೋಗಿ ಎಸಳಿನ ಬುಡದ ಕಪ್ಪು ಮಚ್ಚೆಯನ್ನೂ ಓಡಿಸಿದರು. ಇವತ್ತು ಅಂಗಡಿಯಲ್ಲಿ ಸಿಗುವ ಶರ್ಲಿ ಪಾಪಿ ಅದೇ. ಪ್ಯಾಕೆಟ್ ತಂದು ಬಿತ್ತಿದರೆ ಆಯ್ತಲ್ವಾ ಅಂತ ಮನೆಯಲ್ಲಿ ಕೇಳಿದರು. ಆಗುತ್ತದೆ, ಆದರೆ ಮಜಾ ಎಲ್ಲಿ? ವಿಲ್ಕ್ಸ್ ಮಾಡಿದ್ದನ್ನೇ ಮಾಡಿ ನೋಡೋಣ ಅಂತ ನಾನು ಶುರು ಮಾಡಿದ್ದು ಮಾಮೂಲಿ ಹೊಲದ ಪಾಪಿಯಿಂದ.

ಬೆಳೆಸುವುದು ಸುಲಭ, ಆದರೆ ಮುದ್ದು ಮಾಡಬಾರದು. ಗೊಬ್ಬರ ಹಾಕಿದರೆ ಎಲೆ ಜಾಸ್ತಿ, ಹೂವು ಕಮ್ಮಿ. ಸೆಪ್ಟೆಂಬರ್ ಕೊನೆಗೆ ಮಡಿ ಕೆದಕಿ, ಊರಲ್ಲಿ ಎಳ್ಳು ಬಿತ್ತುವಾಗ ಮಾಡುವ ಹಾಗೆ ಬೀಜಕ್ಕೆ ಮರಳು ಬೆರೆಸಿ ಎರಚಿ, ಮೇಲಿಂದ ಹಲಗೆ ಇಟ್ಟು ತುಳಿದೆ, ಅಷ್ಟೇ. ಮಣ್ಣು ಮುಚ್ಚಬಾರದು, ಈ ಬೀಜಕ್ಕೆ ಬೆಳಕು ಬಿದ್ದರೇ ಮೊಳಕೆ. ಆಳದಲ್ಲಿ ಹೂತುಹೋದ ಬೀಜ ದಶಕಗಟ್ಟಲೆ ಸುಮ್ನೆ ಮಲಗಿದ್ದು, ಯಾರಾದರೂ ನೆಲ ಅಗೆದಾಗ ಏಳುತ್ತದೆ. ಮೊದಲ ಮಹಾಯುದ್ಧದಲ್ಲಿ ಶೆಲ್ಲುಗಳು ಬೆಲ್ಜಿಯಂ ಕಡೆಯ ಫ್ಲಾಂಡರ್ಸ್ ನೆಲವನ್ನು ಬಗೆದುಹಾಕಿದ ಜಾಗದಲ್ಲೆಲ್ಲ ಇದು ಅರಳಿದ್ದು ಹಾಗೇ. ಬ್ರಿಟನ್ನಿನಲ್ಲಿ 1921ರಿಂದ ಪ್ರತಿ ನವೆಂಬರ್‌ನಲ್ಲಿ ಯುದ್ಧದಲ್ಲಿ ಸತ್ತವರ ನೆನಪಿಗೆ ಎದೆಗೆ ಸಿಕ್ಕಿಸಿಕೊಳ್ಳುವ ಕೆಂಪು ಹೂವು ಇದೇ. ನೆಲ ಅಗೆದಾಗ ಏಳುವ ಗುಣದಿಂದಲೇ ಗೋಧಿ ಹೊಲ ಉತ್ತಾಗೆಲ್ಲ ಬರುತ್ತಿತ್ತು, ಕಳೆನಾಶಕ ಬಂದ ಮೇಲೆ ಹೊಲಗಳಲ್ಲಿ ಕಮ್ಮಿಯಾಯಿತು.

ಮಾರ್ಚ್‌ನಲ್ಲಿ ಸಸಿ ಕಿತ್ತು ತೆಳು ಮಾಡಿದೆ, ಗಿಡದಿಂದ ಗಿಡಕ್ಕೆ ಒಂದು ಗೇಣು. ಕಿತ್ತದ್ದನ್ನು ಬೇರೆ ಕಡೆ ನೆಡಲು ಹೋಗಬೇಡಿ, ಉದ್ದನೆಯ ತಾಯಿಬೇರು, ಒಮ್ಮೆ ಅಲುಗಾಡಿದರೆ ಗಿಡ ಚೇತರಿಸಿಕೊಳ್ಳುವುದು ಕಷ್ಟ. ಇಟಲಿಯ ದಕ್ಷಿಣ ತುದಿಯ ಸಲೆಂಟೊದಲ್ಲಿ ಹೂವು ಬರುವ ಮೊದಲಿನ ಎಳೆ ಗಿಡವನ್ನು ಆಲಿವ್ ಹಾಕಿ ಪಲ್ಯದ ಹಾಗೆ ಬೇಯಿಸಿ ತಿನ್ನುತ್ತಾರೆ. ನಾನು ಗೊಬ್ಬರದ ಗುಂಡಿಗೆ ಹಾಕಿದೆ.

ಜೂನ್ ಪೂರ್ತಿ ಬೆಳಗ್ಗೆ ಬೇಗ ಎದ್ದು ಮಡಿಗೆ ಓಡುವುದೇ ಕೆಲಸ. ಒಂದು ಹೂವಿನ ಆಯಸ್ಸು ಹೆಚ್ಚುಕಮ್ಮಿ ಒಂದು ದಿನ, ಸಂಜೆಗೆ ಎಸಳು ನೆಲದ ಮೇಲೆ. ಇನ್ನೊಂದು ತಲೆನೋವು, ಈ ಗಿಡ ತನ್ನದೇ ಪರಾಗ ಒಪ್ಪುವುದಿಲ್ಲ, ಬೇರೆ ಗಿಡದ್ದು ಬೇಕು. ಹೂವಲ್ಲಿ ಮಕರಂದ ಇಲ್ಲ, ಆದರೂ ದುಂಬಿಗಳು ಪರಾಗಕ್ಕಾಗಿ ಮುತ್ತುತ್ತವೆ, ಕಾಲಿಗೆಲ್ಲ ಕಪ್ಪು ಪುಡಿ ಮೆತ್ತಿಕೊಂಡು. ಅಂದರೆ ನನಗೆ ಬೇಕಾದ ಗಿಡ ಸಿಕ್ಕರೂ, ಅದರ ಬೀಜದ ಅಪ್ಪ ಪಕ್ಕದ ಯಾವನೋ ಕೆಂಪಣ್ಣ. ವಿಲ್ಕ್ಸ್‌ಗೆ ಮರುವರ್ಷ ನಾಲ್ಕೈದೇ ಸಿಕ್ಕಿದ್ದು ಯಾಕೆ ಅಂತ ಇದನ್ನು ನೋಡಿದ ಮೇಲೆ ಆಶ್ಚರ್ಯವಾಗಲಿಲ್ಲ. ಹಾಗಾಗಿ ದೊಡ್ಡ ಕಪ್ಪು ಮಚ್ಚೆ ಇದ್ದವನ್ನೆಲ್ಲ ಅರಳಿದ ಬೆಳಗ್ಗೆಯೇ ಕಿತ್ತೆ. ಜೀವ ಚುರ್ ಅಂತು, ಆದರೆ ಬೇರೆ ದಾರಿಯಿಲ್ಲ.

ಕಿತ್ತ ಹೂವು ದಂಡವಾಗಲಿಲ್ಲ. ಕಪ್ಪು ಬುಡ ಕತ್ತರಿಸಿ, ಎಸಳಿಗೆ ಬಿಸಿನೀರು ಸುರಿದು ಒಂದು ರಾತ್ರಿ ಬಿಟ್ಟೆ. ನೀರು ಮಂಕು ನೇರಳೆಯಾಗಿರುತ್ತದೆ, ನಿಂಬೆರಸ ಹಿಂಡಿದ ತಕ್ಷಣ ಥಟ್ಟನೆ ಕೆಂಪು! ಸಕ್ಕರೆ ಹಾಕಿ ಕಾಯಿಸಿದರೆ ಶರಬತ್ತು ರೆಡಿ. ಟರ್ಕಿಯ ಬೋಜ್‌ಜಾಡಾ ದ್ವೀಪದಲ್ಲಿ ಈ ಶರಬತ್ತಿಗೆ ದೊಡ್ಡ ಹೆಸರು, ಫ್ರಾನ್ಸಿನ ನೆಮೂರ್‌ನಲ್ಲಿ ಇದರದ್ದೇ ಮಿಠಾಯಿ ಇದೆ, ಇಂಗ್ಲೆಂಡಿನ ಹಳೇ ಔಷಧಿ ಅಂಗಡಿಗಳಲ್ಲಿ ಕಹಿ ಔಷಧಿಗೆ ಬಣ್ಣ ಬರಿಸಲು ಇದರ ಸಿರಪ್ ಬಳಸುತ್ತಿದ್ದರು. ಕೆಮ್ಮಿಗೆ, ನಿದ್ದೆಗೆ ಅಂತಲೂ ಕೊಡುತ್ತಿದ್ದರು. ರುಚಿ? ಬಣ್ಣದಷ್ಟು ಜೋರಿಲ್ಲ. ಮಕ್ಕಳಿಗೆ, ಬಸುರಿಯರಿಗೆ ಕೊಡದಿರುವುದೇ ಒಳ್ಳೆಯದು, ಎಲೆ ಮತ್ತು ಹಸಿ ಕಾಯಲ್ಲಿ ಆಲ್ಕಲಾಯ್ಡ್ ಎಂಬ, ಮೈಗೆ ಆಗದ ಅಂಶಗಳಿವೆ.

ಫೋನಲ್ಲಿ ಅಮ್ಮ, "ಗಸಗಸೆ ಎಷ್ಟು ಬಂತೋ? ಪಾಯಸಕ್ಕಾದ್ರೂ ಆಗುತ್ತಾ?" ಅಂದರು. ಇದು ಆ ಗಿಡದ ದಾಯಾದಿ ಅಷ್ಟೇ ಅಮ್ಮ, ಇದರಲ್ಲಿ ಅಫೀಮೂ ಇಲ್ಲ, ಪಾಯಸಕ್ಕಾಗುವಷ್ಟು ಬೀಜವೂ ಇಲ್ಲ.

ಈಗ ಬಿಳಿ ಅಂಚಿನ ಗಿಡ. ಮಡಿಯ ಬೇಲಿ ಕಡೆಯ ಸಾಲಿನಲ್ಲಿ ಜೂನ್ ಕೊನೆಗೆ ಕಂಡಿತು, ಅಂಚು ನೂಲಿನಷ್ಟು ತೆಳುವು, ಮಚ್ಚೆಯೂ ಚಿಕ್ಕದು. ತೊಟ್ಟಿಗೆ ಹಳದಿ ಉಣ್ಣೆ ದಾರ ಕಟ್ಟಿದೆ. ಬೇಲಿಯಾಚೆಯವರು ಹಿಂದಿನ ವರ್ಷ ಶರ್ಲಿ ಪ್ಯಾಕೆಟ್ ಬಿತ್ತಿದ್ದರು, ಹಾಗಾಗಿ ಇದು ಪವಾಡಕ್ಕಿಂತ ಬೇಲಿ ಹಾರಿದ ಬೀಜವೇ ಇರಬೇಕು ಅಂತ ನನ್ನ ಲೆಕ್ಕ. ಇರಲಿ, ಅದರ ಬೀಜವನ್ನಂತೂ ನಾನು ಕೈಬಿಡುವುದಿಲ್ಲ. ಕಾಯಿಯ ಮುಚ್ಚಳದ ಕೆಳಗೆ ಸಣ್ಣ ಕಿಂಡಿಗಳು ತೆರೆಯುವ ಮೊದಲೇ ಕಾಗದದ ಚೀಲ ಕಟ್ಟಿದ್ದೆ, ನಿನ್ನೆ ಬಿಚ್ಚಿದೆ. ಅರ್ಧ ಈ ಸೆಪ್ಟೆಂಬರ್‌ಗೆ, ಇನ್ನರ್ಧ ಮಾರ್ಚ್‌ಗೆ, ಬೇಲಿಯಿಂದ ದೂರದ ಹೊಸ ಮಡಿಯಲ್ಲಿ. ಹಳೇ ಮಡಿಯಲ್ಲಿ ಈ ವರ್ಷ ಈರುಳ್ಳಿ.