ಹೆಬ್ಬೆರಳಿಗೂ ಜಾಗ ಬೇಕು

ಅಮ್ಮನ ಕಾಲಿನ ಹೆಬ್ಬೆರಳು ಪಕ್ಕದ ಬೆರಳಿನ ಕಡೆ ವಾಲಿದೆ. ಬುಡದ ಗೆಣ್ಣು ಹೊರಗೆ ಉಬ್ಬಿ, ಚಪ್ಪಲಿ ಪಟ್ಟಿ ಉಜ್ಜಿ ಉಜ್ಜಿ ಕೆಂಪಾಗಿದೆ. ಈ ಉಬ್ಬಿಗೆ ಡಾಕ್ಟರು ಇಂಗ್ಲಿಷ್‌ನಲ್ಲಿ ಬನಿಯನ್ (bunion) ಅಂದರು. ಪಾದದ ಆಕಾರ ಮನೆತನದಿಂದಲೂ ಬರುತ್ತದೆ, ಅಜ್ಜಿಗೂ ಹೀಗೇ ಇತ್ತು. ಆದರೆ ತುದಿ ಚೂಪಾದ ಶೂ, ಹೈ ಹೀಲ್ಸ್ ಹಾಕಿದರೆ ಜಾಸ್ತಿಯಾಗುತ್ತದೆ. ವಾಲಿದ ಮೂಳೆಯನ್ನು ಸಿಲಿಕೋನ್ ಪ್ಯಾಡ್ ನೆಟ್ಟಗೆ ಮಾಡುವುದಿಲ್ಲ, ನೋವು ಸ್ವಲ್ಪ ತಗ್ಗಿಸಬಹುದು ಅಷ್ಟೇ.

ದಿನವಿಡೀ ನಮ್ಮನ್ನು ಹೊರುವ ಕಾಲನ್ನು ನಾವು ಎಷ್ಟು ಕಡಿಮೆ ನೋಡುತ್ತೇವೆ ಅಲ್ವಾ?

ಶೂ ಸಂಜೆ ಕೊಳ್ಳಿ, ಆಗ ಕಾಲು ತುಸು ಊದಿರುತ್ತದೆ. ಹಾಳೆ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲ್ ಗೆರೆ ಎಳೆದು, ಮೇಲೆ ಶೂ ಇಟ್ಟು ನೋಡಿ. ಗೆರೆ ಹೊರಗೆ ಕಂಡರೆ ಆ ಶೂ ಬೇಡ. ತಂಗಿಗೆ ಕಾಲೇಜಿನ ಶೂ ಈ ಸಲ ಹೀಗೇ ಅಳೆದು ತರುತ್ತೇವೆ.